ಡೆಂಗ್ಯೂ ಕಾರ್ಡ್ ಟೆಸ್ಟು, ಎಲೈಸಾ: ಒಂದಕ್ಕೊಂದು ಎಷ್ಟು ಹೊಂದತ್ತೆ ಅಂತ ಲೆಕ್ಕ ಹಾಕೋದು ಹೇಗೆ

ಜೂನ್‌ನಲ್ಲಿ ಮಳೆ ಹಿಡೀತು ಅಂದ್ರೆ ಬೆಂಗಳೂರಿನ ಲ್ಯಾಬ್‌ಗಳಲ್ಲಿ ಕೆಲಸ ಮಾಡೋರಿಗೆಲ್ಲ ಬರೋ ಮೊದಲನೇ ಫೋನು ಇದೇ. "ಮೇಡಂ, ನಿನ್ನೆ ಕ್ಲಿನಿಕ್‌ನಲ್ಲಿ ಕಾರ್ಡ್ ಹಾಕಿದ್ರು ನೆಗೆಟಿವ್ ಬಂತು, ಇವತ್ತು ಆಸ್ಪತ್ರೇಲಿ ಎಲೈಸಾ ಪಾಸಿಟಿವ್ ಅಂತಿದಾರೆ, ಯಾವ್ದನ್ನ ನಂಬೋದು?" ಕಾರ್ಡ್ ಅಂದ್ರೆ ಗೆರೆ ಮೂಡಿದ್ಯಾ ಅಂತ ನೋಡಿ ಬೇಗ ಹೇಳೋ ಟೆಸ್ಟು, ಎಲೈಸಾ ಅಂದ್ರೆ ಲ್ಯಾಬ್‌ನಲ್ಲಿ ಪ್ಲೇಟಲ್ಲಿ ಮಾಡೋ ಟೆಸ್ಟು. ನಾನು ಸೀರಾಲಜಿ (ಸೀರಮ್ ಟೆಸ್ಟುಗಳ) ಬೆಂಚಲ್ಲಿ ಕೂತು ಹದಿನಾಲ್ಕು ವರ್ಷ ಆಯ್ತು, ಆಗಿಂದ ಈ ಪ್ರಶ್ನೆ ಕೇಳ್ತಾನೇ ಇದೀನಿ. ಮೈಕ್ರೋಬಯಾಲಜಿ ಪಿಜಿ ಮಕ್ಕಳು ಇದೇ ಪ್ರಶ್ನೇನ ಥೀಸಿಸ್ ಮಾಡ್ಕೊಂಡು ಬರ್ತಾರೆ, ಇನ್ನೂರು ಸ್ಯಾಂಪಲ್, ಎರಡು ಟೆಸ್ಟು, ಒಂದು ಎಕ್ಸೆಲ್ ಶೀಟು, ಕೊನೇಲಿ ಕಪ್ಪಾ 0.7 ಅಂತ, ಎರಡು ಟೆಸ್ಟು ಎಷ್ಟು ಹೊಂದತ್ತೆ ಅಂತ ಹೇಳೋ ಒಂದು ನಂಬರ್. ಆ ನಂಬರ್ ಹೇಗೆ ಬಂತು, ಅದು ಏನು ಹೇಳತ್ತೆ ಏನು ಹೇಳಲ್ಲ ಅಂತ ಕೇಳಿದ್ರೆ ಬಹಳ ಜನ ಸುಮ್ಮನಾಗಿಬಿಡ್ತಾರೆ. ಅವರ ತಪ್ಪಲ್ಲ, ಯಾರೂ ಕೂರಿಸ್ಕೊಂಡು ಹೇಳ್ಕೊಟ್ಟಿರಲ್ಲ. ಹಾಗಾಗಿ ಪಿಜಿಗಳಿಗೆ, ಟೆಕ್ನಿಷಿಯನ್‌ಗಳಿಗೆ, ಹೊಸ ಕಿಟ್ ತಗೊಳ್ಳೋ ಮುಂಚೆ ಹಳೇ ಕಿಟ್ ಜೊತೆ ಹೋಲಿಸಿ ನೋಡ್ಬೇಕು ಅನ್ನೋ ಸಣ್ಣ ಲ್ಯಾಬ್‌ನೋರಿಗೆ ಅಂತ ಇದನ್ನ ಬರೀತಿದೀನಿ. ಡೆಂಗ್ಯೂ ಇಟ್ಕೊಂಡು ಹೇಳ್ತೀನಿ, ಯಾಕಂದ್ರೆ ನಮ್ಮೂರಲ್ಲಿ ಕೈಗೆ ಸಿಗೋದು ಅದೇ, ಆದ್ರೆ ಲೆಕ್ಕ ಬೇರೆ ವೈರಸ್‌ಗೂ ಇದೇ.

ಮೊದಲು, ಯಾವ ಟೆಸ್ಟು ಏನನ್ನ ಹಿಡಿಯತ್ತೆ ಅಂತ ಗೊತ್ತಿರ್ಲಿ

ಇದನ್ನ ಬಿಟ್ಟು ನೇರ ಲೆಕ್ಕಕ್ಕೆ ಹೋದ್ರೆ ಎಲ್ಲ ಹಾಳು. ಆರ್‌ಟಿ-ಪಿಸಿಆರ್ ಹುಡುಕೋದು ವೈರಸ್ಸಿನ ಆರ್‌ಎನ್‌ಎನ, ಅದು ರಕ್ತದಲ್ಲಿ ಚೆನ್ನಾಗಿ ಸಿಗೋದು ಜ್ವರ ಶುರುವಾದ ಮೊದಲ ಐದು ದಿನ. ಎನ್‌ಎಸ್1 ಅನ್ನೋದು ವೈರಸ್ ಹೊರಗೆ ಬಿಡೋ ಒಂದು ಪ್ರೋಟೀನು, ಅದೂ ಮೊದಲನೇ ದಿನದಿಂದಲೇ ಸಿಗತ್ತೆ, ಕೆಲವರಲ್ಲಿ ಒಂಬತ್ತು ದಿನದವರೆಗೂ ಇರತ್ತೆ, ಆದ್ರೆ ದಿನ ಹೋದ ಹಾಗೆ ಕಮ್ಮಿ ಆಗ್ತಾ ಹೋಗತ್ತೆ. ಐಜಿಎಂ ವೈರಸ್ಸೇ ಅಲ್ಲ, ನಮ್ಮ ಮೈ ಅದಕ್ಕೆ ಕೊಡೋ ಉತ್ತರ, ಅಂದ್ರೆ ಒಂದು ಆ್ಯಂಟಿಬಾಡಿ, ಅದು ಕಾಣಿಸ್ಕೊಳ್ಳೋದು ನಾಲ್ಕೈದು ದಿನ ಆದ್ಮೇಲೆ, ಆಮೇಲೆ ಎರಡು ಮೂರು ತಿಂಗಳು ಉಳ್ಕೊಂಡುಬಿಡತ್ತೆ. ಅಂದ್ರೆ ಎರಡನೇ ದಿನ ಬಂದ ಪೇಷಂಟ್‌ಗೆ ಎನ್‌ಎಸ್1 ಪಾಸಿಟಿವ್, ಐಜಿಎಂ ನೆಗೆಟಿವ್. ಎಂಟನೇ ದಿನ ಬಂದವರಿಗೆ ಅದೇ ಉಲ್ಟಾ. ಎರಡೂ ಟೆಸ್ಟು ತಮ್ಮ ಕೆಲಸ ಸರಿಯಾಗೇ ಮಾಡಿವೆ! ಇವೆರಡರ ಮಧ್ಯೆ ಕಪ್ಪಾ ಲೆಕ್ಕ ಹಾಕಿದ್ರೆ ಸೊನ್ನೆ ಹತ್ರ ಬರಬಹುದು, ಮೈನಸ್ಸೂ ಬರಬಹುದು, ಅದನ್ನ ನೋಡಿ "ಐಜಿಎಂ ಕಿಟ್ ಸರಿಯಿಲ್ಲ" ಅಂತ ಬರೆದಿರೋ ಡ್ರಾಫ್ಟ್‌ಗಳನ್ನ ನಾನು ನೋಡಿದೀನಿ.

ಹಾಗಾಗಿ ಮೊದಲನೇ ನಿರ್ಧಾರ ಇದು: ಒಂದೇ ವಸ್ತುವನ್ನ ಹಿಡಿಯೋ ಎರಡು ಟೆಸ್ಟ್ ಹೋಲಿಸಿ, ಎನ್‌ಎಸ್1 ಕಾರ್ಡಿಗೆ ಎನ್‌ಎಸ್1 ಎಲೈಸಾ, ಐಜಿಎಂ ಕಾರ್ಡಿಗೆ ಐಜಿಎಂ ಎಲೈಸಾ. ಇಲ್ಲಾ ಅಂದ್ರೆ "ಎನ್‌ಎಸ್1 ಅಥವಾ ಐಜಿಎಂ, ಯಾವ್ದಾದ್ರೂ ಒಂದು ಪಾಸಿಟಿವ್ ಆದ್ರೆ ಡೆಂಗ್ಯೂ" ಅಂತ ಕಾರ್ಡಿಗೂ ಅದೇ ನಿಯಮ, ಎಲೈಸಾಗೂ ಅದೇ ನಿಯಮ ಇಟ್ಕೊಂಡು ಹೋಲಿಸಿ.

ನಮ್ಮ ದೇಶದ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ ಎಲೈಸಾ ವಿಧಾನದ ಎನ್‌ಎಸ್1 ಅಥವಾ ಐಜಿಎಂ ಹಿಡಿಯೋ ಮ್ಯಾಕ್ ಎಲೈಸಾ ಪಾಸಿಟಿವ್ ಬಂದ್ರೆ ಅದು ಖಚಿತ ಕೇಸು, ಕಾರ್ಡ್ ಪಾಸಿಟಿವ್ ಬಂದ್ರೆ ಅದು ಸಂಭವನೀಯ ಕೇಸು ಅಷ್ಟೇ. 2024ರಲ್ಲಿ ಡೆಂಗ್ಯೂ ಜೋರಾದಾಗ ಜುಲೈನಲ್ಲಿ ಕರ್ನಾಟಕ ಸರ್ಕಾರ ಪ್ರೈವೇಟ್ ಲ್ಯಾಬ್‌ಗಳಿಗೆ ರೇಟ್ ಫಿಕ್ಸ್ ಮಾಡ್ತಲ್ಲ, ಎನ್‌ಎಸ್1 ಎಲೈಸಾಗೆ 300, ಐಜಿಎಂ ಎಲೈಸಾಗೆ 300, ಕಾರ್ಡಿಗೆ 250 ರೂಪಾಯಿ. ದುಡ್ಡಿನ ವ್ಯತ್ಯಾಸ ಅಷ್ಟೇನಿಲ್ಲ, ನಿಜವಾದ ವ್ಯತ್ಯಾಸ ಟೈಮಿಂದು. ಕಾರ್ಡು ಇಪ್ಪತ್ತು ನಿಮಿಷ, ಎಲೈಸಾ ಎರಡು ಮೂರು ಗಂಟೆ, ಅದೂ 96 ವೆಲ್ಲಿನ ಪ್ಲೇಟು, ನಾಲ್ಕು ಸ್ಯಾಂಪಲ್‌ಗೆ ಓಡಿಸಿದ್ರೆ ಕಂಟ್ರೋಲ್‌ಗಳಿಗೇ ಅರ್ಧ ಸ್ಟ್ರಿಪ್ ಹೋಗತ್ತೆ ಅಂತ ಸಣ್ಣ ಲ್ಯಾಬ್‌ಗಳು ಸ್ಯಾಂಪಲ್ ಸೇರೋ ತನಕ ಕಾಯ್ತವೆ. ಅದಕ್ಕೇ ಕ್ಲಿನಿಕ್‌ಗಳಲ್ಲಿ ಕಾರ್ಡ್ ಓಡೋದು, ಅದಕ್ಕೇ ಕಾರ್ಡು ಎಷ್ಟು ನಂಬಬಹುದು ಅನ್ನೋ ಲೆಕ್ಕ ಇಷ್ಟು ಮುಖ್ಯ.

ಸ್ಯಾಂಪಲ್ ಆರಿಸೋದು: ಅರ್ಧ ತಪ್ಪು ಇಲ್ಲೇ ಆಗೋದು

ತುಂಬಾ ಸಾಮಾನ್ಯವಾಗಿ ಆಗೋ ತಪ್ಪು ಏನಂದ್ರೆ, ಕಾರ್ಡ್ ಪಾಸಿಟಿವ್ ಬಂದ ಸ್ಯಾಂಪಲ್‌ಗಳನ್ನ ಮಾತ್ರ ಎಲೈಸಾಗೆ ಕಳಿಸೋದು. ದಿನನಿತ್ಯದ ಕೆಲಸದಲ್ಲಿ ಹಾಗೇ ನಡೆಯತ್ತೆ, ಪಾಸಿಟಿವ್ ಕನ್ಫರ್ಮ್ ಮಾಡ್ಬೇಕು ಅಂತ. ಆದ್ರೆ ಆ ಡೇಟಾ ತಗೊಂಡು ಹೋಲಿಕೆ ಮಾಡಿದ್ರೆ ಕಾರ್ಡ್ ತಪ್ಪಿಸ್ಕೊಂಡಿದ್ದು ಎಷ್ಟು ಅನ್ನೋದು ನಿಮಗೆ ಯಾವತ್ತೂ ಕಾಣಲ್ಲ, ಯಾಕಂದ್ರೆ ನೆಗೆಟಿವ್‌ಗಳನ್ನ ನೀವು ನೋಡೇ ಇಲ್ಲ. ಇನ್ನೊಂದು, ಗಟ್ಟಿ ಪಾಸಿಟಿವ್ ನೂರು ಫ್ರೀಜರಿಂದ ತೆಗೆದು, ಆರೋಗ್ಯವಾಗಿರೋ ರಕ್ತದಾನಿಗಳದ್ದು ನೂರು ಸೇರಿಸಿಬಿಡೋದು. ಆಗ ಯಾವ ಕಿಟ್ಟಾದ್ರೂ ಚಿನ್ನದ ಹಾಗೆ ಕಾಣತ್ತೆ. ಓಪಿಡೀಲಿ ಬರೋರು ಹಾಗಿರಲ್ಲ, ಟೈಫಾಯ್ಡ್ ಇರತ್ತೆ, ಲೆಪ್ಟೋಸ್ಪೈರಾ ಇರತ್ತೆ, ಚಿಕೂನ್‌ಗುನ್ಯ ಇರತ್ತೆ, ಬರೀ ವೈರಲ್ ಜ್ವರ ಇರತ್ತೆ. ಐಜಿಎಂ ಹೋಲಿಸೋದಾದ್ರೆ ಜಪಾನೀಸ್ ಎನ್ಸೆಫಲೈಟಿಸ್ ಕೂಡ ನೆನಪಿರ್ಲಿ, ಅದೂ ಡೆಂಗ್ಯೂ ಕುಟುಂಬದ್ದೇ ವೈರಸ್, ಆ್ಯಂಟಿಬಾಡಿ ಒಂದಕ್ಕೊಂದು ಅಂಟ್ಕೊಳ್ಳತ್ತೆ, ಕೋಲಾರದ ಕಡೆಯಿಂದ ಬೆಂಗಳೂರಿಗೆ ರೆಫರ್ ಆಗಿ ಬರೋರು ಕಮ್ಮಿ ಇಲ್ಲ.

ಸರಿಯಾದ ದಾರಿ ಅಂದ್ರೆ ಇಂಥ ದಿನದಿಂದ ಇಂಥ ದಿನದವರೆಗೆ ಜ್ವರ ಅಂತ ಬಂದ, ನಿಮ್ಮ ನಿಯಮಕ್ಕೆ ಹೊಂದೋ ಎಲ್ಲರನ್ನೂ ಸಾಲಾಗಿ ತಗೊಳ್ಳೋದು, ಒಬ್ಬರನ್ನೂ ಆರಿಸಬಾರದು ಬಿಡಬಾರದು, ಎಲ್ಲರಿಗೂ ಎರಡೂ ಟೆಸ್ಟು. ಎಥಿಕ್ಸ್ ಕಮಿಟಿ ಒಪ್ಪಿಗೆ ಮೊದಲೇ ತಗೊಳ್ಳಿ, ಸೀಸನ್ ಶುರುವಾದ್ಮೇಲೆ ಓಡಾಡಿದ್ರೆ ಅಕ್ಟೋಬರ್ ಕಳೆದುಹೋಗತ್ತೆ.

ಮತ್ತೆ ಎರಡೂ ಟೆಸ್ಟು ಒಂದೇ ಟ್ಯೂಬಿನ ಸೀರಮ್ಮಿಗೆ ಆಗ್ಬೇಕು. ನಿನ್ನೆ ತೆಗೆದ ರಕ್ತಕ್ಕೆ ಕಾರ್ಡು, ಇವತ್ತಿನದಕ್ಕೆ ಎಲೈಸಾ ಅಂದ್ರೆ ನೀವು ಹೋಲಿಸ್ತಿರೋದು ಎರಡು ದಿನಗಳನ್ನ, ಎರಡು ಟೆಸ್ಟನ್ನಲ್ಲ. ಸೀರಮ್ ಬೇರೆ ಮಾಡಿದ ತಕ್ಷಣ ಮೂರು ಸಣ್ಣ ವಯಲ್‌ಗೆ ಹಂಚಿ, ಒಂದು ಕಾರ್ಡಿಗೆ, ಒಂದು ಎಲೈಸಾಗೆ, ಒಂದು ಮೈನಸ್ 70ರಲ್ಲಿ ಎತ್ತಿಡೋಕೆ. ಒಂದೇ ವಯಲ್ಲನ್ನ ಪದೇ ಪದೇ ಕರಗಿಸಿ ಮತ್ತೆ ಗಟ್ಟಿ ಮಾಡ್ಬೇಡಿ, ಪಿಸಿಆರ್ ಮಾಡೋ ಯೋಚನೆ ಇದ್ರಂತೂ ಮಾಡ್ಲೇಬೇಡಿ, ಆರ್‌ಎನ್‌ಎ ನಿಲ್ಲಲ್ಲ.

ಜ್ವರದ ಎಷ್ಟನೇ ದಿನ: ಈ ಒಂದು ಕಾಲಂ ಖಾಲಿ ಬಿಡ್ಬೇಡಿ

ಇದನ್ನ ನಾನು ಸ್ವಲ್ಪ ಜಾಸ್ತಿ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಹಿಂದೆ ನಾನಿದ್ದ ಒಂದು ಲ್ಯಾಬ್‌ನಲ್ಲಿ ಎಂಟು ತಿಂಗಳು ಕಷ್ಟಪಟ್ಟು ಡೇಟಾ ಸೇರಿಸಿದ್ವಿ, ಎಲ್ಲ ಆದ್ಮೇಲೆ ನೋಡಿದ್ರೆ ರಿಕ್ವಿಸಿಷನ್ ಫಾರಂನಲ್ಲಿ ಜ್ವರ ಎಷ್ಟು ದಿನದಿಂದ ಅನ್ನೋ ಜಾಗ ಮುಕ್ಕಾಲು ಪಾಲು ಖಾಲಿ. ಕಾರ್ಡು ಎಲೈಸಾ ಹೊಂದದೇ ಇರೋ ಸ್ಯಾಂಪಲ್‌ಗಳು ಕಣ್ಣ ಮುಂದೆ ಇದ್ವು, ಯಾಕೆ ಹೊಂದಿಲ್ಲ ಅಂತ ಹೇಳೋಕೆ ದಾರೀನೇ ಇರಲಿಲ್ಲ. ಆ ಪೇಷಂಟ್‌ಗಳಿಗೆ ಫೋನ್ ಮಾಡಿ ಕೇಳಿದ್ರೆ ಯಾರಿಗೆ ನೆನಪಿರತ್ತೆ ಆರು ತಿಂಗಳ ಹಿಂದಿನ ಜ್ವರದ ದಿನ? ಅವತ್ತಿಂದ ನಾನು ರಕ್ತ ತೆಗೆಯೋ ಹುಡುಗರಿಗೆ ಹೇಳೋದು ಒಂದೇ, ಸೂಜಿ ಚುಚ್ಚೋ ಮುಂಚೆ "ಜ್ವರ ಯಾವತ್ತು ಶುರುವಾಯ್ತು" ಅಂತ ಕೇಳಿ ತಾರೀಕು ಬರ್ಕೊಳ್ಳಿ. "ಎಷ್ಟು ದಿನ ಆಯ್ತು" ಅಂತ ಕೇಳಿದ್ರೆ ಜನ ಸುಮ್ನೆ "ಒಂದ್ ಮೂರ್ನಾಲ್ಕ್ ದಿನ" ಅಂತಾರೆ, "ಭಾನುವಾರ ರಾತ್ರಿ ಮೈ ಬಿಸಿ ಇತ್ತಾ, ಸೋಮವಾರ ಬೆಳಿಗ್ಗೇನಾ" ಅಂತ ಕೇಳಿದ್ರೆ ಸರಿಯಾಗಿ ಹೇಳ್ತಾರೆ. ಹಿಂದೆ ಯಾವತ್ತಾದ್ರೂ ಡೆಂಗ್ಯೂ ಬಂದಿತ್ತಾ ಅಂತಲೂ ಕೇಳಿ, ಅದು ಯಾಕೆ ಅಂತ ಮುಂದೆ ಹೇಳ್ತೀನಿ.

ಕಾರ್ಡ್ ಓದೋದು

ಕಾರ್ಡ್ ಓದೋರಿಗೆ ಎಲೈಸಾ ರಿಸಲ್ಟ್ ಗೊತ್ತಿರಬಾರದು, ಎಲೈಸಾ ಮಾಡೋರಿಗೆ ಕಾರ್ಡಿಂದು ಗೊತ್ತಿರಬಾರದು. ತಿಳಿದಿದ್ರೆ ಮಸುಕು ಗೆರೆ ಕಣ್ಣಿಗೆ ಬೇಕಾದ ಹಾಗೆ ಕಾಣತ್ತೆ, ಇದು ಮೋಸ ಅಲ್ಲ, ಮನುಷ್ಯನ ಕಣ್ಣೇ ಹಾಗೆ. ಕಿಟ್ಟಿನ ಹಾಳೇಲಿ ಹೇಳಿರೋ ಟೈಮಿಗೆ ಟೈಮರ್ ಇಟ್ಟು ಓದಿ, 15ರಿಂದ 20 ನಿಮಿಷ ಅಂದ್ರೆ ಅಷ್ಟೇ. ಊಟಕ್ಕೆ ಹೋಗಿ ಬಂದು ನಲವತ್ತು ನಿಮಿಷಕ್ಕೆ ನೋಡಿದ್ರೆ ಇಲ್ಲದ ಗೆರೆಯೂ ಮೂಡಿರತ್ತೆ. ಆಗೋದಾದ್ರೆ ಇಬ್ಬರು ಬೇರೆ ಬೇರೆಯಾಗಿ ಓದಿ ಬರ್ಕೊಳ್ಳಿ, ಆ ಇಬ್ಬರ ಮಧ್ಯೆಯೇ ಒಂದು ಕಪ್ಪಾ ಹಾಕಿ ನೋಡಿ, ಓದೋದ್ರಲ್ಲೇ ಇಷ್ಟು ವ್ಯತ್ಯಾಸ ಇದ್ಯಾ ಅಂತ ಆಶ್ಚರ್ಯ ಆಗತ್ತೆ.

ಎಲೈಸಾದಲ್ಲಿ ಪಾಸಿಟಿವ್ವೂ ಅಲ್ಲದ ನೆಗೆಟಿವ್ವೂ ಅಲ್ಲದ ಈಕ್ವಿವೋಕಲ್ ಬರತ್ತೆ, ಕೆಲವು ಕಿಟ್‌ಗಳಲ್ಲಿ 9ರಿಂದ 11 ಯೂನಿಟ್ ಮಧ್ಯೆ ಇದ್ರೆ ಹಾಗೆ. ಅವನ್ನ ಶೀಟಿಂದ ಸದ್ದಿಲ್ಲದೆ ಅಳಿಸಬೇಡಿ. ಎಷ್ಟು ಬಂತು ಅಂತ ಬರೀರಿ, ಅವನ್ನ ಪಾಸಿಟಿವ್‌ಗೆ ಸೇರಿಸಿದ್ರೆ ಲೆಕ್ಕ ಎಷ್ಟು, ನೆಗೆಟಿವ್‌ಗೆ ಸೇರಿಸಿದ್ರೆ ಎಷ್ಟು, ಎರಡೂ ತೋರಿಸಿ.

ಈಗ ಲೆಕ್ಕ

ಕೆಳಗಿನ ಸಂಖ್ಯೆಗಳು ಅಭ್ಯಾಸಕ್ಕೆ ಅಂತ ನಾನೇ ಮಾಡ್ಕೊಂಡಿರೋದು, ಯಾವ ಕಿಟ್ಟಿಂದೂ ಅಲ್ಲ. ಇನ್ನೂರು ಸ್ಯಾಂಪಲ್, ಎನ್‌ಎಸ್1 ಕಾರ್ಡು, ಎನ್‌ಎಸ್1 ಎಲೈಸಾ. ನಾಲ್ಕು ಮನೆ ಬರೆಯಿರಿ. ಎರಡರಲ್ಲೂ ಪಾಸಿಟಿವ್ 58. ಕಾರ್ಡ್ ಪಾಸಿಟಿವ್ ಎಲೈಸಾ ನೆಗೆಟಿವ್ 6. ಕಾರ್ಡ್ ನೆಗೆಟಿವ್ ಎಲೈಸಾ ಪಾಸಿಟಿವ್ 22. ಎರಡರಲ್ಲೂ ನೆಗೆಟಿವ್ 114.

ಒಟ್ಟು ಹೊಂದಿಕೆ ಅಂದ್ರೆ 58ಕ್ಕೆ 114 ಸೇರಿಸಿ 172, ಇನ್ನೂರರಲ್ಲಿ 172 ಅಂದ್ರೆ 86%. ಕೇಳೋಕೆ ಚೆನ್ನಾಗಿದೆ. ಆದ್ರೆ ಇದರಲ್ಲಿ ಅದೃಷ್ಟದಿಂದಲೇ ಹೊಂದಿರೋದು ಎಷ್ಟು? ಫೆಬ್ರವರೀಲಿ ಬೆಂಗಳೂರಲ್ಲಿ ಇಬ್ಬರು ದಿನಾ ಬೆಳಿಗ್ಗೆ ಎದ್ದು "ಇವತ್ತು ಮಳೆ ಬರಲ್ಲ" ಅಂತ ಹೇಳ್ತಾ ಹೋದ್ರೆ ತಿಂಗಳಿಡೀ ಇಬ್ಬರ ಮಾತೂ ಹೊಂದತ್ತೆ, ಹಾಗಂತ ಇಬ್ಬರಿಗೂ ಮೋಡ ನೋಡಿ ಹೇಳೋಕೆ ಬರತ್ತೆ ಅಂತಲ್ಲ. ಆ ಅದೃಷ್ಟದ ಪಾಲನ್ನ ಕಳೆದು ಉಳಿದಿದ್ದನ್ನ ಹೇಳೋದೇ ಕಪ್ಪಾ, 1960ರಲ್ಲಿ ಜೇಕಬ್ ಕೋಹೆನ್ ಅನ್ನೋ ಮನಶ್ಶಾಸ್ತ್ರಜ್ಞರು ಕೊಟ್ಟ ಲೆಕ್ಕ.

ಹೀಗೆ ಮಾಡಿ. ಕಾರ್ಡಿನ ಒಟ್ಟು ಪಾಸಿಟಿವ್ 64, ನೆಗೆಟಿವ್ 136. ಎಲೈಸಾದ ಪಾಸಿಟಿವ್ 80, ನೆಗೆಟಿವ್ 120. 64ನ್ನ 80ರಿಂದ ಗುಣಿಸಿದ್ರೆ 5120, 136ನ್ನ 120ರಿಂದ ಗುಣಿಸಿದ್ರೆ 16320, ಎರಡೂ ಕೂಡಿಸಿ 21440, ಅದನ್ನ 200ರ ವರ್ಗ 40000ದಿಂದ ಭಾಗಿಸಿದ್ರೆ 0.536. ಇದು ಅದೃಷ್ಟದ ಹೊಂದಿಕೆ. ಇನ್ನು 0.86ರಲ್ಲಿ 0.536 ಕಳೆದ್ರೆ 0.324, ಒಂದರಲ್ಲಿ 0.536 ಕಳೆದ್ರೆ 0.464, ಮೊದಲನೇದನ್ನ ಎರಡನೇದರಿಂದ ಭಾಗಿಸಿ, 0.70. ಒಂದು ಸಲ ಕೈಯಲ್ಲಿ ಮಾಡಿ, ಆಮೇಲೆ ಬೇಕಾದ್ರೆ ಎಕ್ಸೆಲ್‌ನಲ್ಲಿ, ಆರ್ ಸಾಫ್ಟ್‌ವೇರ್‌ನಲ್ಲಿ ಮಾಡ್ಕೊಳ್ಳಿ.

0.70 ಒಳ್ಳೇದಾ ಕೆಟ್ಟದ್ದಾ? ಎಲ್ಲರೂ ಹಾಕೋದು 1977ರಲ್ಲಿ ಲ್ಯಾಂಡಿಸ್ ಮತ್ತು ಕಾಕ್ ಕೊಟ್ಟ ಅಳತೆಪಟ್ಟಿ, 0.41ರಿಂದ 0.60 ಮಧ್ಯಮ, 0.61ರಿಂದ 0.80 ಗಣನೀಯ, ಅದರ ಮೇಲೆ ಹೆಚ್ಚುಕಮ್ಮಿ ಪೂರ್ತಿ. ಆದ್ರೆ ಈ ಗಡಿಗಳನ್ನ ಅವರು ಹೆಚ್ಚುಕಮ್ಮಿ ತಮ್ಮಿಷ್ಟಕ್ಕೆ ಹಾಕಿದ್ದು, ಅದನ್ನ ಅವರೇ ಒಪ್ಕೊಂಡಿದಾರೆ. "ಗಣನೀಯ" ಅನ್ನೋ ಪದ ಸಿಕ್ತು ಅಂತ ಅಲ್ಲಿಗೆ ನಿಲ್ಲಿಸಬೇಡಿ. ಜೊತೆಗೆ ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಕಪ್ಪಾ ಎಲ್ಲಿಂದ ಎಲ್ಲಿವರೆಗೆ ಇರಬಹುದು ಅನ್ನೋ ಅಂದಾಜು) ಬರೀಲೇಬೇಕು, ಈ ಉದಾಹರಣೇಲಿ 95%ದ್ದು ಸುಮಾರು 0.59ರಿಂದ 0.80. ಅಂದ್ರೆ ಮಧ್ಯಮದ ತುದಿಯಿಂದ ಗಣನೀಯದ ತುದಿವರೆಗೂ ಎಲ್ಲಿ ಬೇಕಾದ್ರೂ ಇರಬಹುದು.

ಇನ್ನೊಂದು ವಿಷಯ ತುಂಬಾ ಜನರನ್ನ ಗೊಂದಲಕ್ಕೆ ಹಾಕತ್ತೆ. ಅದೇ ಎರಡು ಟೆಸ್ಟನ್ನ ಡೆಂಗ್ಯೂ ಕಮ್ಮಿ ಇರೋ ಫೆಬ್ರವರೀಲಿ ಮಾಡಿದ್ರಿ ಅಂದ್ಕೊಳ್ಳಿ. ಎರಡೂ ಪಾಸಿಟಿವ್ 4, ಕಾರ್ಡ್ ಮಾತ್ರ 2, ಎಲೈಸಾ ಮಾತ್ರ 6, ಎರಡೂ ನೆಗೆಟಿವ್ 188. ಹೊಂದಿಕೆ 96%, ಮಳೆಗಾಲಕ್ಕಿಂತ ಹತ್ತು ಪಾಯಿಂಟ್ ಜಾಸ್ತಿ. ಕಪ್ಪಾ? ಲೆಕ್ಕ ಹಾಕಿ ನೋಡಿ, 0.48. ಇಂಟರ್ವಲ್ಲು ಸುಮಾರು 0.13ರಿಂದ 0.83, ಅಷ್ಟು ಅಗಲ ಇದ್ರೆ ಏನೂ ಹೇಳಿದ ಹಾಗಾಗಲ್ಲ. ಟೆಸ್ಟು ಕೆಟ್ಟಿಲ್ಲ, ಪಾಸಿಟಿವ್ ಕಮ್ಮಿ ಇದ್ದಾಗ ಅದೃಷ್ಟದ ಹೊಂದಿಕೆಯೇ 0.92 ದಾಟತ್ತೆ, ಕಪ್ಪಾಗೆ ಉಳಿಯೋದೇ ಅಷ್ಟು ಸಣ್ಣ ಜಾಗ. ಹಾಗಾಗಿ ಬೇರೆ ಬೇರೆ ಸೀಸನ್ನಿನ, ಬೇರೆ ಬೇರೆ ಊರಿನ ಎರಡು ಕಪ್ಪಾಗಳನ್ನ ಪಕ್ಕಪಕ್ಕ ಇಟ್ಟು ಈ ಕಿಟ್ ಆ ಕಿಟ್ಟಿಗಿಂತ ವಾಸಿ ಅನ್ನೋಕಾಗಲ್ಲ.

ಅದಕ್ಕೇ ಪಾಸಿಟಿವ್ ಹೊಂದಿಕೆ, ನೆಗೆಟಿವ್ ಹೊಂದಿಕೆ ಬೇರೆ ಬೇರೆ ಕೊಡಿ. ಮೊದಲನೇ ಉದಾಹರಣೇಲಿ ಎಲೈಸಾ ಪಾಸಿಟಿವ್ 80ರಲ್ಲಿ ಕಾರ್ಡ್ ಹಿಡಿದಿದ್ದು 58, ಅಂದ್ರೆ 72.5%. ಎಲೈಸಾ ನೆಗೆಟಿವ್ 120ರಲ್ಲಿ ಕಾರ್ಡೂ ನೆಗೆಟಿವ್ ಅಂದಿದ್ದು 114, ಅಂದ್ರೆ 95%. ಈ ಎರಡು ನಂಬರು ಡಾಕ್ಟರಿಗೆ ತಕ್ಷಣ ಅರ್ಥ ಆಗತ್ತೆ: ಕಾರ್ಡ್ ಪಾಸಿಟಿವ್ ಅಂದ್ರೆ ಬಹುಮಟ್ಟಿಗೆ ನಂಬಬಹುದು, ನೆಗೆಟಿವ್ ಅಂದ್ರೆ ಅಲ್ಲಿಗೇ ಬಿಡೋಕಾಗಲ್ಲ. ಇವನ್ನ ಸೆನ್ಸಿಟಿವಿಟಿ (ನಿಜಕ್ಕೂ ರೋಗ ಇರೋರಲ್ಲಿ ಎಷ್ಟು ಹಿಡಿಯತ್ತೆ), ಸ್ಪೆಸಿಫಿಸಿಟಿ (ರೋಗ ಇಲ್ಲದೋರಲ್ಲಿ ಎಷ್ಟಕ್ಕೆ ನೆಗೆಟಿವ್ ಅನ್ನತ್ತೆ) ಅಂತ ಬರೀಬೇಡಿ ದಯವಿಟ್ಟು. ಎಲೈಸಾನೂ ತಪ್ಪು ಮಾಡತ್ತೆ, ಅದು ಸತ್ಯ ಅಲ್ಲ, ಇನ್ನೊಂದು ಟೆಸ್ಟು ಅಷ್ಟೇ. ಇಬ್ಬರು ಒಂದೇ ತಪ್ಪು ಹೇಳಿದ್ರೂ ಹೊಂದಿಕೆ 100%ನೇ ಬರತ್ತೆ.

ತಪ್ಪು ಒಂದೇ ಕಡೆ ವಾಲಿದ್ಯಾ ಅಂತ ನೋಡೋಕೆ ಮ್ಯಾಕ್‌ನೆಮಾರ್ ಟೆಸ್ಟು. ಹೊಂದದೇ ಇರೋ ಎರಡು ಮನೆ ಮಾತ್ರ ತಗೊಳ್ಳಿ, 22 ಮತ್ತು 6. ವ್ಯತ್ಯಾಸ 16, ಅದರ ವರ್ಗ 256, ಅದನ್ನ ಮೊತ್ತ 28ರಿಂದ ಭಾಗಿಸಿದ್ರೆ 9.14, ಇದು 95% ಮಟ್ಟದ ಗಡಿ 3.84ಕ್ಕಿಂತ ಜಾಸ್ತಿ ಇರೋದ್ರಿಂದ ಆಕಸ್ಮಿಕ ಅನ್ನೋಕಾಗಲ್ಲ, ಕಾರ್ಡು ನಿಜಕ್ಕೂ ಕಮ್ಮಿ ಹಿಡೀತಿದೆ. ಹೊಂದದ ಸ್ಯಾಂಪಲ್‌ಗಳು ತೀರಾ ಕಮ್ಮಿ ಇದ್ರೆ ಇದರದ್ದೇ ಎಕ್ಸಾಕ್ಟ್ ರೂಪ ಬಳಸಿ.

ಹೊಂದದೇ ಇರೋ ಸ್ಯಾಂಪಲ್‌ಗಳನ್ನ ಒಂದೊಂದಾಗಿ ನೋಡಿ

ನನ್ನ ಪ್ರಕಾರ ಇಡೀ ಕೆಲಸದ ಜೀವ ಇರೋದು ಇಲ್ಲಿ. ಕಪ್ಪಾ ಹಾಕಿ ಮುಗಿಸಿಬಿಟ್ರೆ ಆ 22 ಸ್ಯಾಂಪಲ್ ಬರೀ ಒಂದು ಮನೆಯೊಳಗಿನ ಅಂಕಿ. ಅವನ್ನ ಹೊರಗೆ ತೆಗೆದು ಜ್ವರದ ದಿನ ಪಕ್ಕದಲ್ಲಿ ಬರೀರಿ. ನಮ್ಮ ಅಭ್ಯಾಸದ ಡೇಟಾದಲ್ಲೇ ಹೀಗೆ ಒಡೆದು ನೋಡೋಣ: ಎಲೈಸಾ ಪಾಸಿಟಿವ್ 80ರಲ್ಲಿ ಮೊದಲ ಮೂರು ದಿನದೊಳಗೆ ಬಂದವರು 40, ಕಾರ್ಡ್ ಹಿಡಿದಿದ್ದು 37. ನಾಲ್ಕು ಐದನೇ ದಿನದವರು 24, ಹಿಡಿದಿದ್ದು 15. ಆರನೇ ದಿನದಿಂದಾಚೆ 16, ಹಿಡಿದಿದ್ದು 6. ಒಟ್ಟು ಸೇರಿಸಿದಾಗ 72.5% ಅಂತ ಕಂಡ ಕಾರ್ಡು ಮೊದಲ ಮೂರು ದಿನದಲ್ಲಿ 92.5%, ಆರು ದಿನ ಆದ್ಮೇಲೆ 37.5%. ಒಂದೇ ಕಾರ್ಡು, ಎರಡು ಬೇರೆ ಬೇರೆ ಟೆಸ್ಟಿನ ಹಾಗೆ ವರ್ತಿಸ್ತಿದೆ. ಹೀಗೆ ಒಡೆದಾಗ ಸಂಖ್ಯೆ ಸಣ್ಣದಾಗತ್ತೆ, ಹಾಗಾಗಿ ಪರ್ಸೆಂಟ್ ಜೊತೆಗೆ "16ರಲ್ಲಿ 6" ಅಂತಲೂ ಬರೀರಿ.

ಹಿಂದೆ ಡೆಂಗ್ಯೂ ಬಂದಿತ್ತಾ ಅಂತ ಕೇಳಿ ಅಂದೆನಲ್ಲ, ಅದು ಇಲ್ಲಿ ಕೆಲಸಕ್ಕೆ ಬರತ್ತೆ. ಎರಡನೇ ಸಲದ ಸೋಂಕಲ್ಲಿ ಹಳೇ ಆ್ಯಂಟಿಬಾಡಿಗಳು ಬೇಗ ಏರಿ ಎನ್‌ಎಸ್1ಗೆ ಅಂಟ್ಕೊಂಡುಬಿಡತ್ತೆ, ಟೆಸ್ಟಿನ ಆ್ಯಂಟಿಬಾಡಿಗೆ ಹಿಡಿಯೋಕೆ ಬಿಡಿಯಾಗಿರೋ ಎನ್‌ಎಸ್1 ಕಮ್ಮಿ ಸಿಗತ್ತೆ, ಹಾಗಾಗಿ ನೆಗೆಟಿವ್ ಬರೋ ಸಾಧ್ಯತೆ ಜಾಸ್ತಿ. 2017-18ರಲ್ಲಿ ಐಸಿಎಂಆರ್ ದೇಶದಾದ್ಯಂತ ಮಾಡಿದ ಸೆರೋಸರ್ವೇಲಿ (ರಕ್ತದಲ್ಲಿ ಆ್ಯಂಟಿಬಾಡಿ ನೋಡೋ ಸರ್ವೇ) ದಕ್ಷಿಣ ಭಾರತದಲ್ಲಿ ಸುಮಾರು 77% ಜನರಲ್ಲಿ ಹಳೇ ಡೆಂಗ್ಯೂ ಸೋಂಕಿನ ಗುರುತು ಸಿಕ್ಕಿತ್ತು, ಬಹಳ ಜನಕ್ಕೆ ತಮಗೆ ಬಂದು ಹೋಗಿದ್ದೇ ಗೊತ್ತಿರಲ್ಲ. ಹಾಗಾಗಿ ಬಾಯಲ್ಲಿ ಕೇಳಿದ್ದು ಸಾಲಲ್ಲ, ಆದ್ರೆ ಹೊಂದದ ಸ್ಯಾಂಪಲ್‌ಗಳಿಗೆ ಐಜಿಜಿ (ಸೋಂಕು ಹೋದ್ಮೇಲೂ ಬಹಳ ಕಾಲ ಉಳಿಯೋ ಆ್ಯಂಟಿಬಾಡಿ) ಮಾಡಿ ನೋಡಿ, ಜ್ವರದ ಶುರುವಿನ ದಿನಗಳಲ್ಲೇ ಐಜಿಜಿ ತುಂಬಾ ಜಾಸ್ತಿ ಇದ್ರೆ ಎರಡನೇ ಸಲದ್ದು ಅಂತ ಅನುಮಾನ ಪಡಬಹುದು. ಇಷ್ಟರ ಜೊತೆ ಅವತ್ತಿನ ಕಿಟ್ಟಿನ ಲಾಟ್ ನಂಬರ್, ಯಾರು ಓದಿದ್ದು, ಸ್ಯಾಂಪಲ್ ಹೀಮೊಲೈಸ್ ಆಗಿತ್ತಾ (ಕೆಂಪು ಕಣ ಒಡೆದಿತ್ತಾ), ಎಲೈಸಾ ರೀಡಿಂಗು ಕಟ್‌ಆಫ್‌ಗೆ, ಅಂದ್ರೆ ಪಾಸಿಟಿವ್ ಗಡಿಗೆ, ಎಷ್ಟು ಹತ್ತಿರ ಇತ್ತು ಇವೂ ಬರ್ಕೊಳ್ಳಿ. ಆ 6 ಸ್ಯಾಂಪಲ್, ಕಾರ್ಡ್ ಮಾತ್ರ ಪಾಸಿಟಿವ್ ಅಂದಿದ್ದು, ಎಲ್ಲವೂ ಒಂದೇ ಸಂಜೆ ಒಬ್ಬರೇ ಓದಿದ್ದು ಅಂತ ಗೊತ್ತಾದ್ರೆ ಕಿಟ್ಟನ್ನ ಬೈಯೋ ಮುಂಚೆ ಟೈಮರ್ ನೋಡ್ಬೇಕು.

ಇಲ್ಲಿ ಒಂದು ಆಸೆಗೆ ಬೀಳಬೇಡಿ. ಹೊಂದದ 28ನ್ನ ಮಾತ್ರ ಪಿಸಿಆರ್‌ಗೆ ಕಳಿಸಿ, ಪಿಸಿಆರ್ ಯಾರ ಪರ ಹೇಳ್ತೋ ಹಾಗೆ ಟೇಬಲ್ ತಿದ್ದಿ, ಹೊಸ ಲೆಕ್ಕ ಹಾಕೋದು. ಹೊಂದಿಕೆ ಆಗಿರೋ 172ರಲ್ಲೂ ತಪ್ಪು ಇರಬಹುದು, ಅವನ್ನ ಯಾರೂ ಮುಟ್ಟಿಲ್ಲ, ಹೊಂದದ್ದನ್ನ ಮಾತ್ರ ಸರಿಪಡಿಸಿದ್ರೆ ನಂಬರು ಏರತ್ತೇ ಹೊರತು ಇಳಿಯಲ್ಲ. ಪಿಸಿಆರ್ ಮಾಡೋದಾದ್ರೆ ಎಲ್ಲಕ್ಕೂ ಮಾಡಿ, ದುಡ್ಡಿಲ್ಲ ಅಂದ್ರೆ ಹೊಂದಿರೋದ್ರಲ್ಲೂ ಒಂದಷ್ಟನ್ನ ಲಾಟರಿ ಎತ್ತಿ ಸೇರಿಸಿ, ಮತ್ತೆ ಮೊದಲಿನ ಟೇಬಲ್ ತಿದ್ದದೆ ಪಿಸಿಆರ್ ರಿಸಲ್ಟನ್ನ ಪಕ್ಕದಲ್ಲಿ ಬೇರೆಯಾಗಿ ಕೊಡಿ. ಆರು ಏಳನೇ ದಿನದ ಸ್ಯಾಂಪಲ್‌ನಲ್ಲಿ ಪಿಸಿಆರ್ ನೆಗೆಟಿವ್ ಬಂತು ಅಂತ ಎಲೈಸಾ ತಪ್ಪು ಅನ್ನೋಕೂ ಆಗಲ್ಲ, ಅಷ್ಟು ಹೊತ್ತಿಗೆ ಆರ್‌ಎನ್‌ಎ ಹೋಗಿರತ್ತೆ.

ಬರೆಯುವಾಗ ನಾಲ್ಕು ಮನೆಯ ಟೇಬಲ್ ಪೂರ್ತಿ ಕೊಡಿ, ಬರೀ ಕಪ್ಪಾ ಕೊಡಬೇಡಿ, ಟೇಬಲ್ ಇದ್ರೆ ಮುಂದೆ ಯಾರು ಬೇಕಾದ್ರೂ ತಮ್ಮ ಲೆಕ್ಕ ಹಾಕ್ಕೋಬಹುದು. ಯಾವ ತಿಂಗಳು, ಯಾವ ಥರದ ಆಸ್ಪತ್ರೆ, ಜ್ವರದ ದಿನಗಳ ಹಂಚಿಕೆ, ಕಿಟ್ ಮತ್ತು ಲಾಟು, ಈಕ್ವಿವೋಕಲ್ ಎಷ್ಟು, ಎಷ್ಟು ಸ್ಯಾಂಪಲ್ ಕೈಬಿಟ್ರಿ ಯಾಕೆ ಬಿಟ್ರಿ, ಎಲ್ಲ. ಮೂರು ಟೆಸ್ಟ್ ಇದ್ರೆ ಎರಡೆರಡನ್ನ ಜೋಡಿ ಮಾಡಿ ಕೊಡೋದೇ ಓದೋರಿಗೆ ಸುಲಭ.

ಇನ್ನೊಂದು ವಿಷಯ, ಇದು ಥೀಸಿಸ್‌ನ ಯಾವ ಅಧ್ಯಾಯದಲ್ಲೂ ಬರಲ್ಲ. ಕಾರ್ಡ್ ನೆಗೆಟಿವ್ ಎಲೈಸಾ ಪಾಸಿಟಿವ್ ಆದ ಆ 22 ಜನ "ಡೆಂಗ್ಯೂ ಇಲ್ಲ" ಅನ್ನೋ ಕಾಗದ ಹಿಡ್ಕೊಂಡು ಮನೆಗೆ ಹೋಗಿರ್ತಾರೆ. ಜ್ವರ ಬಿಡೋ ಹೊತ್ತಿಗೇ ಡೆಂಗ್ಯೂ ಕೈಕೊಡೋದು, ಅಂದ್ರೆ ಬಹುಮಟ್ಟಿಗೆ ಆ ನಾಲ್ಕು, ಐದು, ಆರನೇ ದಿನಗಳಲ್ಲೇ, ಕಾರ್ಡು ಜಾಸ್ತಿ ತಪ್ಪಿಸ್ಕೊಳ್ಳೋ ದಿನಗಳೂ ಅವೇ. ಎಲೈಸಾ ಪ್ಲೇಟ್ ಓದಿದ ಅದೇ ಸಂಜೆ ಆ ಹೆಸರುಗಳನ್ನ ಬೇರೆ ಮಾಡಿ ವಾರ್ಡಿಗೋ ಕಳಿಸಿದ ಡಾಕ್ಟರಿಗೋ ಫೋನ್ ಮಾಡಿ ಹೇಳಿ, ಪ್ಲೇಟ್‌ಲೆಟ್ಟು, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) ನೋಡ್ಲಿ ಅಂತ. ಯಾರಿಗೆ ಹೇಳಿದ್ರಿ, ಎಷ್ಟು ಗಂಟೆಗೆ ಹೇಳಿದ್ರಿ ಅನ್ನೋದಕ್ಕೂ ಶೀಟಲ್ಲಿ ಒಂದು ಕಾಲಂ ಇಟ್ಕೊಳ್ಳಿ.